ಮಾತ್ರೆ ಮೇಷ್ಟ್ರ ಕಿಟಕಿ

“ಎರಡು ಹೆಚ್ಚಿವೆ,” ಅಂದರು ಅವರು. ನಮ್ಮಿಬ್ಬರ ನಡುವಿನ ಮೊದಲ ಮಾತೇ ಅದು.

ಹದಿನೈದು ದಿನಕ್ಕೊಮ್ಮೆ ನಾನು ತಂಗಿ ಪುಟ್ಟಿಯನ್ನು ಕರೆದುಕೊಂಡು ಆಸ್ಪತ್ರೆಯ ಔಷಧಿ ಕಿಟಕಿಗೆ ಬರಬೇಕು, ಉಳಿದ ಮಾತ್ರೆಗಳಿದ್ದರೆ ಬಾಟಲಿ ಸಮೇತ ಒಪ್ಪಿಸಬೇಕು. ಕಿಟಕಿಯಾಚೆ ಕೂತ ಫಾರ್ಮಸಿಸ್ಟ್ ಅವನ್ನು ನೀಲಿ ತಟ್ಟೆಗೆ ಸುರಿದು ಒಂದೊಂದಾಗಿ ಎಣಿಸಬೇಕು. ಥೇಟ್ ಪರೀಕ್ಷೆ ಪೇಪರ್ ತಿದ್ದುವ ಮೇಷ್ಟ್ರ ಗತ್ತು.

“ಎರಡು ದಿನ ಇವಳು ಬಾಯೇ ತೆರೀಲಿಲ್ಲ, ಮೇಷ್ಟ್ರೇ. ಡೈರೀಲಿ ಬರ್ದಿದ್ದೀನಿ,” ಅಂದೆ.

ಮೇಷ್ಟ್ರು ಅಂದಿದ್ದಕ್ಕೆ ತಲೆ ಎತ್ತಿದರು. ನಗು ತಡೆಯಲು ಕೆಳತುಟಿ ಕಚ್ಚಿಕೊಂಡರು. ಬಟ್ಟೆ ಹೊಲಿಯುವವಳ ಕಣ್ಣು ಸುಮ್ಮನಿರುತ್ತದೆಯೇ? ಬಿಳಿ ಕೋಟಿನ ಎಡ ತೋಳಿನ ತುದಿಯಲ್ಲಿ ದಾರ ಮಾತ್ರ ನೇತಾಡುತ್ತಿತ್ತು.

“ನಿಮ್ಮ ತೋಳಲ್ಲಿ ಗುಂಡಿ ಒಂದು ಕಡಿಮೆ ಇದೆ.”

ಅವರು ಜೋರಾಗಿ ನಕ್ಕರು. ಪುಟ್ಟಿ ತನ್ನ ಗುಂಡಿ ಡಬ್ಬಿಯಿಂದ ಕಣ್ಣು ಕೀಳಲಿಲ್ಲ. ಇಪ್ಪತ್ತೆರಡು ವರ್ಷದ ನನ್ನ ತಂಗಿಗೆ ಆಟಿಸಂ. ನನ್ನ ಹೊಲಿಗೆ ಅಂಗಡಿಯ ಗುಂಡಿಗಳನ್ನೆಲ್ಲ ಬಣ್ಣದ ಪ್ರಕಾರ ಜೋಡಿಸುತ್ತಾಳೆ, ಒಂದನ್ನೂ ಯಾರಿಗೂ ಕೊಡುವುದಿಲ್ಲ. ಮಾತು ಅಪರೂಪ. ಆಡಿದರೂ ಬೇರೆಯವರ ಮಾತನ್ನೇ ತಿರುಗಿ ಆಡುತ್ತಾಳೆ.

ಬಿಪಿಗೆ ಎಷ್ಟೋ ವರ್ಷದಿಂದ ಕೊಡುತ್ತಿರುವ ಒಂದು ಹಳೆಯ ಔಷಧಿ ಇಂಥವರಿಗೂ ನೆರವಾಗುತ್ತದೆಯೇ ಎಂದು ಆರು ತಿಂಗಳ ಪ್ರಯೋಗ ನಡೆಯುತ್ತಿತ್ತು. ದಿನಾ ಅರ್ಧ ಗಂಟೆ ಅವಳೆದುರು ಕೂತು, ಗಮನಿಸಿದ್ದನ್ನು ಡೈರಿಯಲ್ಲಿ ಬರೆಯಬೇಕಿತ್ತು. ಅರ್ಧ ಜನರಿಗೆ ನಿಜವಾದ ಮಾತ್ರೆ, ಉಳಿದರ್ಧ ಜನರಿಗೆ ಅದೇ ಬಣ್ಣ, ಅದೇ ಗಾತ್ರದ ಹುಸಿ ಮಾತ್ರೆ. ಯಾರಿಗೆ ಯಾವುದು ಅಂತ ನಮಗೂ ಗೊತ್ತಿಲ್ಲ, ಡಾಕ್ಟರಮ್ಮನಿಗೂ ಗೊತ್ತಿಲ್ಲ. ಬಾಟಲಿ ತುಂಬುವ ಮೇಷ್ಟ್ರಿಗೆ ಮಾತ್ರ ಗೊತ್ತು, ಅವರು ಬಾಯಿ ಬಿಡುವ ಹಾಗಿಲ್ಲ.

ಆಮೇಲಾಮೇಲೆ ಆ ಕಿಟಕಿಗೆ ಹೋಗುವ ದಿನ ನಾನು ಜಡೆಯನ್ನು ಎರಡು ಸಲ ಹೆಣೆದುಕೊಳ್ಳತೊಡಗಿದೆ. ಅವರೂ ನಮ್ಮ ಮಾತ್ರೆಗಳನ್ನು ಎರಡೆರಡು ಸಲ ಎಣಿಸುತ್ತಿದ್ದರು.

ಮೂರನೇ ತಿಂಗಳಲ್ಲಿ ಒಂದು ದಿನ ಸೂಜಿ ನನ್ನ ಬೆರಳಿಗೆ ಚುಚ್ಚಿತು. ಎದುರಿಗೆ ಕೂತಿದ್ದ ಪುಟ್ಟಿ ಕೇಳಿದಳು: “ಅಕ್ಕಾ, ನೋವಾ?”

ಯಾರದೋ ಮಾತಲ್ಲ, ಅವಳದೇ ಮಾತು. ನಾನು ಹೊಲಿಗೆ ಬಿಟ್ಟು ಅತ್ತೆ. ಮುಂದಿನ ಸಲ ಕಿಟಕಿಗೆ ಓಡಿ ಹೋಗಿ ಅದನ್ನು ಹೇಳಿ, “ಎಲ್ಲಾ ನಿಮ್ಮ ಮಾತ್ರೆ ಪುಣ್ಯ, ಮೇಷ್ಟ್ರೇ,” ಅಂದೆ.

ಅವರ ನಗು ಅಲ್ಲೇ ನಿಂತುಹೋಯಿತು. ತಲೆ ತಗ್ಗಿಸಿದರು. ಆವತ್ತಿನಿಂದ ಮತ್ತೆ ತಲೆ ಎತ್ತಲೇ ಇಲ್ಲ. ಎಣಿಸುವುದು, ಸಹಿ ಹಾಕಿಸಿಕೊಳ್ಳುವುದು, ಬಾಟಲಿ ಮುಂದೆ ತಳ್ಳುವುದು, ಅಷ್ಟೇ. ನಾನೇ ಅತಿ ಸಲಿಗೆ ತೋರಿಸಿದೆನೇನೋ ಎಂದು ನನ್ನನ್ನೇ ಬೈದುಕೊಂಡೆ. ಮೂರು ತಿಂಗಳು ಅವರ ನೆತ್ತಿ ನೋಡಿಕೊಂಡು ಬಂದೆ. ತುಂಬಾ ಸಂಕಟವಾಗುತ್ತಿತ್ತು.

ಪ್ರಯೋಗ ಮುಗಿಯಿತು. ಡಾಕ್ಟರಮ್ಮ ಮೆತ್ತಗೆ ಹೇಳಿದರು, “ನಿಮ್ಮ ತಂಗಿಗೆ ಬಂದಿದ್ದು ಹುಸಿ ಮಾತ್ರೆ.”

ಹಾಗಾದರೆ ಆ ಒಂದು ಮಾತೂ ನನ್ನ ಭ್ರಮೆಯೇ? ಪುಟ್ಟಿಯ ಕೈ ಹಿಡಿದುಕೊಂಡು ದಡದಡ ಕಿಟಕಿಗೆ ಬಂದೆ.

“ಮೊದಲಿಂದ ನಿಮಗೆ ಗೊತ್ತಿತ್ತು.”

“ಗೊತ್ತಿತ್ತು,” ಅಂದರು, ನೆಲ ನೋಡುತ್ತಲೇ. “ಹೇಳಿದ್ರೆ ನಿಮ್ಮ ಆರು ತಿಂಗಳ ಶ್ರಮ ನೀರುಪಾಲು. ನನ್ನ ಮುಖಕ್ಕೆ ಸುಳ್ಳು ಹೇಳೋಕೆ ಬರಲ್ಲ. ನೀವು ಅಷ್ಟು ಖುಷಿಯಾಗಿ ಬಂದ್ರಲ್ಲ, ನನ್ನ ಮುಖ ನೋಡಿದ್ರೆ ನಿಮಗೆ ಎಲ್ಲಾ ತಿಳಿದುಬಿಡ್ತಿತ್ತು. ಅದಕ್ಕೇ ಬಗ್ಗಿಸ್ಕೊಂಡೆ.”

“ಮತ್ತೆ ಇವಳು ಕೇಳಿದ್ದು?”

“ಇವರೇ ಕೇಳಿದ್ದು. ಮಾತ್ರೆ ಕೇಳ್ಲಿಲ್ಲ.” ನೀಲಿ ತಟ್ಟೆ ಒರೆಸುತ್ತ ಅಂದರು, “ಡೈರಿ ಬರೆಯೋಕೆ ಅಂತ ದಿನಾ ಅರ್ಧ ಗಂಟೆ ಎದುರಿಗೆ ಕೂರ್ತಿದ್ರಿ. ಅದಕ್ಕೆ ಮುಂಚೆ?”

ಮುಂಚೆ ನನ್ನ ಹೊಲಿಗೆ ಯಂತ್ರ ಗೋಡೆಗೆ ಮುಖ ಮಾಡಿತ್ತು. ಪುಟ್ಟಿ ನನ್ನ ಬೆನ್ನ ಹಿಂದೆ ಇರುತ್ತಿದ್ದಳು. ನಾಚಿಕೆಯಿಂದ ಪುಟ್ಟಿಯ ಕಡೆ ತಿರುಗಿದೆ.

“ಅದ್ರಿಂದಲೇ ಅಂತ ನಾನು ಹೇಳೋಕಾಗಲ್ಲ,” ಅಂದರು. “ನನಗೆ ಖಚಿತವಾಗಿ ಗೊತ್ತಿರೋದು ಒಂದೇ. ನಿಮ್ಮ ಮಾತ್ರೆ ಎರಡೆರಡು ಸಲ ಎಣಿಸ್ತಿದ್ದದ್ದು ಲೆಕ್ಕ ತಪ್ಪಿ ಅಲ್ಲ. ನೀವು ಇನ್ನೊಂದು ನಿಮಿಷ ನಿಲ್ಲಲಿ ಅಂತ. ನೀವಂದ್ರೆ ನನಗೆ ಅಷ್ಟು ಇಷ್ಟ.”

ನನ್ನ ಕೋಪ ಎತ್ತ ಹೋಯಿತೋ ತಿಳಿಯಲಿಲ್ಲ. ಅಷ್ಟರಲ್ಲಿ ಟಕ್ ಎಂದು ಸದ್ದಾಯಿತು. ನೀಲಿ ತಟ್ಟೆಯಲ್ಲಿ ಒಂದು ಹಳದಿ ಗುಂಡಿ. ಪುಟ್ಟಿ ಡಬ್ಬಿ ಮುಚ್ಚುತ್ತಿದ್ದಳು.

“ಒಂದು ಕಡಿಮೆ ಇದೆ,” ಅಂದಳು.

ಮೊದಲ ದಿನದ ನನ್ನದೇ ಮಾತು. ಅವರ ಎಡ ತೋಳಲ್ಲಿ ಆ ದಾರ ಇನ್ನೂ ನೇತಾಡುತ್ತಿತ್ತು. ಚೀಲದಿಂದ ಸೂಜಿ ತೆಗೆದೆ. ಎರಡು ಸಲ ದಾರ ಪೋಣಿಸಲು ಹೋಗಿ ತಪ್ಪಿತು.

“ತಲೆ ಎತ್ತಿ, ಮೇಷ್ಟ್ರೇ. ಕೈ ಈಚೆ ಕೊಡಿ.”

ಅವರು ತಲೆ ಎತ್ತಿದರು. ಕಣ್ಣು ಒದ್ದೆಯಾಗಿತ್ತು. ಬಿಳಿ ಕೋಟಿಗೆ ಹಳದಿ ಗುಂಡಿ ಸ್ವಲ್ಪವೂ ಹೊಂದುತ್ತಿರಲಿಲ್ಲ.

“ಎಷ್ಟು ಹೊತ್ತು ಬೇಕು?” ಅಂದರು.

“ಗುಂಡಿಗೆ ಎರಡು ನಿಮಿಷ ಸಾಕು,” ಅಂದೆ, ಮಣಿಕಟ್ಟು ಹಿಡಿದುಕೊಂಡು. “ನಾನು ನಿಧಾನವಾಗಿ ಹೊಲೀತೀನಿ.”