ಬಂಗಾರಿಯ ನಡುಪಟ್ಟಿ

ಗಾಜಿನ ತೊಟ್ಟಿಗೆ ಮೂರನೆಯ ಚಿಟಿಕೆ ಕಾಳು ಉದುರಿಸುತ್ತಿದ್ದಂತೆ ಚನ್ನವೀರಪ್ಪನವರ ಸ್ವಂತ ಹೊಟ್ಟೆ ಬಿಗಿಯಿತು. ಬೆಳಗಿನಿಂದ ಅವರು ಕುಡಿದದ್ದು ಒಂದು ಲೋಟ ಚಹಾ ಮಾತ್ರ. ಆದರೂ ಎರಡು ಪಂಕ್ತಿಯಲ್ಲಿ ಕೂತು ಉಂಡೆದ್ದಂತೆ ಭಾರವಾಯಿತು, ತೇಗು ಕೂಡ ಬಂತು.

"ಏ ನೀಲಾ! ಮೀನ ಕಾಳ ತಿಂದ್ರ ನನ್ನ ಹೊಟ್ಟಿ ತುಂಬಾಕತ್ತೈತಲ್ಲ!" ಎಂದು ಮಗುವಿನಂತೆ ನಕ್ಕರು.

ಅದು 2061ನೆಯ ಇಸವಿ. ಗದಗದಲ್ಲಿ ಅವರ ಮನೆಯ ಪಡಸಾಲೆ, ಮಧ್ಯಾಹ್ನದ ಹೊತ್ತು. ಅಂದು ಚನ್ನವೀರಪ್ಪನವರಿಗೆ ಅರವತ್ತು ತುಂಬಿತ್ತು. ಸೊಂಟಕ್ಕೆ ಕಟ್ಟಿದ ಕಪ್ಪು ನಡುಪಟ್ಟಿಯೂ ಎದುರಿನ ಹೊಂಬಣ್ಣದ ಮೀನೂ ಸೋದರಸೊಸೆ ಡಾಕ್ಟರ್ ನೀಲಾಂಬಿಕೆ ತಂದುಕೊಟ್ಟ ಉಡುಗೊರೆ. ಅವಳು ಮೀನುಗಳ ದೇಹಕ್ರಿಯೆ ಅಭ್ಯಾಸ ಮಾಡಿದ ವಿಜ್ಞಾನಿ. ತೊಟ್ಟಿಯ ತಳದಲ್ಲಿ ಅವಳು ಇರಿಸಿದ್ದ ಗುಂಡಿಯಷ್ಟಗಲದ ಉಪಕರಣ, ನಮ್ಮ ಕಿವಿಗೆ ಕೇಳದ ಶಬ್ದದ ಅಲೆಗಳನ್ನು ಕಳಿಸಿ ಮೀನಿನ ಕರುಳು ಎಷ್ಟು ಉಬ್ಬಿದೆ ಎಂದು ಅಳೆಯುತ್ತಿತ್ತು. ಆ ಅಳತೆ ನಡುಪಟ್ಟಿಗೆ ಬರುತ್ತಿತ್ತು. ಹೊಟ್ಟೆಯ ಸುದ್ದಿಯನ್ನು ಮಿದುಳಿಗೆ ಒಯ್ಯುವ ವೇಗಸ್ ಎಂಬ ಉದ್ದನೆಯ ನರವೊಂದು ನಮ್ಮೊಳಗಿದೆ. ಪಟ್ಟಿ ಅದನ್ನು ನವಿರಾದ ವಿದ್ಯುತ್ತಿನಿಂದ ಮೀಟುತ್ತಿತ್ತು. ಮೀನು ಹಸಿದರೆ ಕಟ್ಟಿಕೊಂಡವರಿಗೂ ಹಸಿವು, ಅದಕ್ಕೆ ಸಾಕಾದರೆ ಇವರಿಗೂ ಸಾಕು.

ಇಷ್ಟನ್ನು ಅವಳು ಮಾಮನಿಗೆ ಹೇಳಿದ್ದಳು. ಪಟ್ಟಿಯ ಕೊಂಡಿ ತನ್ನ ಫೋನಿನಿಂದಷ್ಟೇ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಹೇಳಿರಲಿಲ್ಲ.

ಚನ್ನವೀರಪ್ಪ ಮದುವೆ ಅಡುಗೆಯವರು. ಬಡಿಸುವುದರಲ್ಲಿ ಅವರದು ಎತ್ತಿದ ಕೈ. ಉಣ್ಣುವವರು ಸಾಕೆಂದು ಎಲೆಗೆ ಅಡ್ಡ ಹಿಡಿದ ಕೈಯ ಸಂದಿಯಲ್ಲೇ ಹೋಳಿಗೆ ಜಾರಿಸಿ, "ನನ್ನ ಕೈಯಾಗಿಂದ ಒಂದ ಒಂದು" ಎನ್ನುತ್ತಿದ್ದರು. ತೆರೆದ ಬಾಯಿ ಕಂಡರೆ ಸುಮ್ಮನಿರಲಾರದ ಮನುಷ್ಯ. ಆರು ವರ್ಷದ ಹಿಂದೆ ನೀಲಾಂಬಿಕೆ ನಾಲ್ಕು ದಿನ ಊರಿನಲ್ಲಿಲ್ಲದಾಗ ಅವಳ ಬಂಗಾರಿಯ ಬಾಯಿಯೂ ಅವರಿಗೆ ಕಂಡಿತ್ತು.

ಬಂಗಾರಿ ಹನ್ನೊಂದು ವರ್ಷ ಬದುಕಿದ್ದ ಮೀನು. ಹೋಗುವಾಗ ಅವಳು ಬಿಡಿಸಿ ಹೇಳಿದ್ದಳು: ದಿನಕ್ಕೊಂದು ಚಿಟಿಕೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಈ ಜಾತಿಯ ಮೀನಿಗೆ ಜಠರವೇ ಇಲ್ಲ. ತಿಂದದ್ದು ಕೂಡಿಡಲು ಜಾಗವಿಲ್ಲದೆ ನೇರ ಕರುಳಿಗೆ ಇಳಿಯುತ್ತದೆ. ಅದು ಮೇಲೆ ಬಂದು ಬಾಯಿ ಬಿಡುವುದು ಹಸಿವಿನಿಂದಲೇ ಅಲ್ಲ, ಕಾಳು ಹಾಕುವವರ ಗುರುತು ಹಿಡಿದು. ಮಾಮ ಎಲ್ಲದಕ್ಕೂ ಹೂಂಗುಟ್ಟಿ, ನಾಲ್ಕೂ ದಿನ ಬೂಂದಿ, ಚಪಾತಿ ಚೂರು ಹಾಕಿದ್ದರು. ಅವಳು ಮರಳಿದಾಗ ಬಂಗಾರಿ ಕೊಳೆತ ನೀರಿನಲ್ಲಿ ಹೊಟ್ಟೆ ಮೇಲಾಗಿ ತೇಲುತ್ತಿತ್ತು.

"ಉಂಡು ಸತ್ತೈತಿ ಬಿಡವಾ, ಹಸಕೊಂಡು ಸತ್ತಿಲ್ಲಲ್ಲ. ಪುಣ್ಯಾ ಮಾಡಿತ್ತು" ಎಂದು ಮಾಮ ನಕ್ಕಿದ್ದರು.

ಅದೊಂದು ಮಾತನ್ನು ಅವಳು ಆರು ವರ್ಷ ಹಲ್ಲು ಕಚ್ಚಿಕೊಂಡು ಕಾಪಾಡಿದ್ದಳು. ಈ ಯಂತ್ರದ ಬಗ್ಗೆ ಪತ್ರಿಕೆಗಳು ಬರೆದ ಜೀವದಯೆ ಗೀವದಯೆ ಎಲ್ಲ ಆಮೇಲಿನ ಕತೆ. ಅವಳಿಗೆ ಬೇಕಾಗಿದ್ದದ್ದು ಸೇಡು.

"ಸಾಕಾತು, ಇನ್ನ ಬಿಚ್ಚವಾ ಈ ಪಟ್ಟೀನ," ಎಂದರು ಚನ್ನವೀರಪ್ಪ.

"ಸಾಕಂದ್ರ ಹೆಂಗ್ರಿ ಮಾಮಾ? ನೋಡ್ರಿ, ಬಾಯಿ ಬಿಡಾಕತ್ತೈತಿ." ನೀಲಾಂಬಿಕೆ ಡಬ್ಬಿ ತೆಗೆದುಕೊಂಡು ತಾನೇ ಒಂದು ಹಿಡಿ ಸುರಿದಳು. ಒಣ ಕಾಳು, ನೀರು ಕುಡಿದಷ್ಟೂ ಉಬ್ಬುವಂಥದು. ಮೀನು ಗಬಗಬನೆ ನುಂಗಿತು. ಮಾಮನ ಹಣೆಯಲ್ಲಿ ಬೆವರೊಡೆಯಿತು. ಕೊಂಡಿ ಎಳೆದರು, ಬರಲಿಲ್ಲ. ಅವರ ಮುಖ ನೋಡಿ ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಬ್ಯಾಡ ನೀಲಾ!" ಅವರು ತೊಟ್ಟಿಯ ಬಾಯಿಗೆ ಅಂಗೈ ಅಡ್ಡ ಹಿಡಿದರು. ಅವಳು ಅವರ ಬೆರಳ ಸಂದಿಯಲ್ಲೇ ಕಾಳು ಜಾರಿಸಿದಳು.

"ನನ್ನ ಕೈಯಾಗಿಂದ ಒಂದ ಒಂದು, ಮಾಮಾ."

ಮಾಮನಿಗೆ ಆಗ ಎಲ್ಲ ಅರ್ಥವಾಯಿತು. ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತರು. ಆದರೆ ಅವರ ಕಣ್ಣು ಅವಳ ಮೇಲಿರಲಿಲ್ಲ, ತೊಟ್ಟಿಯ ಮೇಲಿತ್ತು.

"ಯವ್ವಾ, ನನ್ನ ಸಲುವಾಗಿ ಅನ್ನಾಕತ್ತಿಲ್ಲ. ಅದಕ್ಕ ತಡಕೊಳ್ಳಾಕ ಆಗವಲ್ದು. ಒಳಗ ಕರುಳ ಹರೀತೈತಿ. ನಿಲ್ಲಸು."

ನೀಲಾಂಬಿಕೆ ಆಗ ಮೀನಿನ ಕಡೆ ನೋಡಿದಳು. ಅದು ಒಂದು ಮಗ್ಗುಲಿಗೆ ವಾಲಿತ್ತು. ಹೊಟ್ಟೆ ಬಿಗಿದು ಮೈಮೇಲಿನ ಹುರುಪೆಗಳು ಸೆಟೆದಿದ್ದವು. ಪಟ್ಟಿ ಮಾಮನ ಸೊಂಟದಲ್ಲಿತ್ತು, ಡಬ್ಬಿ ತನ್ನ ಕೈಯಲ್ಲಿತ್ತು. ಅವಳಿಗೆ ಏನೂ ನೋಯುತ್ತಿರಲಿಲ್ಲ. ಬೂಂದಿ ಹಾಕುವಾಗ ಅವರಿಗೂ ಹೀಗೆಯೇ ಏನೂ ನೋಯದೆ ಇದ್ದಿರಬೇಕು.

ಅವಳು ಕೊಂಡಿ ಬಿಚ್ಚಿದಳು. ನೀರು ಬದಲಿಸಿದಳು. "ಮೂರು ದಿನ ಏನೂ ಹಾಕಬ್ಯಾಡ್ರಿ" ಎಂದು ತಗ್ಗಿದ ದನಿಯಲ್ಲಿ ಹೇಳಿ ಹೊರಟಳು. ಬಿಚ್ಚಿದ ಪಟ್ಟಿಯನ್ನು ಚನ್ನವೀರಪ್ಪ ಅವಳ ಕಣ್ಣೆದುರೇ ತಾವಾಗಿಯೇ ಮತ್ತೆ ಕಟ್ಟಿಕೊಂಡರು.

ಮೂರನೆಯ ದಿನ ಬೆಳಿಗ್ಗೆ ಅವರ ಫೋನು ಬಂತು.

"ನೀಲಾ, ಈಗ ಹಸಿವೂ ಇಲ್ಲ, ತುಂಬಿದ್ದೂ ಇಲ್ಲ. ಒಳಗ ಏನೂ ಇಲ್ಲವಾ."

ಮೀನು ಹೋಯಿತೆಂದು ಅವಳಿಗೆ ತಿಳಿಯಿತು. 'ಉಂಡು ಸತ್ತೈತಿ ಬಿಡವಾ' ಎಂಬ ಆ ಹಳೆಯ ಮಾತನ್ನು ಅವರು ಈಗ ಹೇಳುತ್ತಾರೆಂದು ಫೋನು ಹಿಡಿದು ಕಾದಳು. ಹೇಳುವ ಹಕ್ಕು ಅವರಿಗಿತ್ತು. ಹೇಳಿದ್ದರೆ ಜಗಳವಾಡಬಹುದಿತ್ತು, ಮತ್ತೆ ಆರು ವರ್ಷ ದ್ವೇಷಿಸಬಹುದಿತ್ತು.

"ಹಿತ್ತಲದಾಗ ಮಣ್ಣ ಮಾಡ್ತೀನಿ," ಎಂದಷ್ಟೇ ಹೇಳಿ ಅವರು ಫೋನಿಟ್ಟರು. ನೀಲಾಂಬಿಕೆ ಬಹಳ ಹೊತ್ತು ಅತ್ತಳು. ಬಂಗಾರಿಗಾಗಿ ಕೂಡ ಅಷ್ಟು ಅತ್ತಿರಲಿಲ್ಲ.

ಆಮೇಲೆ ಅವಳು ಯಂತ್ರದಲ್ಲಿ ಮಾಡಿದ್ದು ಒಂದೇ ಬದಲಾವಣೆ. ಕಾಳಿನ ಡಬ್ಬಿಯ ಮುಚ್ಚಳ, ಅದನ್ನು ಹಿಡಿದವರ ಸೊಂಟದಲ್ಲೇ ಪಟ್ಟಿ ಇದ್ದರೆ ಮಾತ್ರ ತೆರೆಯುತ್ತಿತ್ತು. ಹಾಕುವ ಕೈ ಒಬ್ಬರದು, ನೋಯುವ ಹೊಟ್ಟೆ ಇನ್ನೊಬ್ಬರದು ಎಂಬುದು ಆ ಯಂತ್ರದ ಮಟ್ಟಿಗೆ ಅಲ್ಲಿಗೆ ಮುಗಿಯಿತು. ಮೀನು ಸಾಕುವವರೆಲ್ಲ ಅದನ್ನು ಕಟ್ಟಿಕೊಂಡರು. ಚನ್ನವೀರಪ್ಪನವರಂತೂ ಪಂಕ್ತಿಯಲ್ಲಿ ಯಾರಾದರೂ ಕೈ ಅಡ್ಡ ಹಿಡಿದರೆ ಹೋಳಿಗೆಯ ತಟ್ಟೆ ಎತ್ತಿಕೊಂಡು ಸುಮ್ಮನೆ ಮುಂದೆ ಹೋಗುತ್ತಿದ್ದರು.

ಆ ಪಟ್ಟಿ ನಮ್ಮ ಕಾಲಕ್ಕೆ ಇನ್ನೂ ಬಂದಿಲ್ಲ. ಸದ್ಯಕ್ಕೆ ನಮಗಿರುವುದು ಎಲೆಯ ಮೇಲೆ ಅಡ್ಡ ಹಿಡಿದ ಕೈ. ಅದರ ಮಾತನ್ನೇ ನಾವು ಕೇಳುವುದಿಲ್ಲ. ಮೀನಿಗಾದರೋ ಅಡ್ಡ ಹಿಡಿಯಲು ಕೈಯೂ ಇಲ್ಲ.