ಸಬ್‌ಟೈಟಲ್‌ಗಿಂತ ಮೊದಲು ನಕ್ಕವನು

ಸಿನಿಮಾದಲ್ಲಿ ಅಳಿಯನೊಬ್ಬ ಮೇಕೆಯನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ಲಿಫ್ಟ್ ಹತ್ತಿದ್ದ. ಅದೇ ಲಿಫ್ಟಿಗೆ ಅತ್ತೆಯೂ ಬಂದಳು. ಮೂಗರಳಿಸಿ ಏನೋ ಅಂದಳು. ರಷ್ಯನ್ ವಿಭಾಗದ ಹಳೆಯ ಪ್ರೊಜೆಕ್ಟರಿನಲ್ಲಿ ಸಬ್‌ಟೈಟಲ್ ಯಾವಾಗಲೂ ಮಾತಿಗಿಂತ ಸ್ವಲ್ಪ ಹಿಂದೆ. ಆ ಸ್ವಲ್ಪದಲ್ಲಿ ಇಡೀ ಕೋಣೆಯಲ್ಲಿ ಇಬ್ಬರೇ ನಕ್ಕರು.

ಒಬ್ಬರು ಪಾಠ ಮಾಡುವ ಮೇಡಂ. ಅವರು ನಗಲಿ, ಅವರಿಗೆ ಭಾಷೆ ಬರುತ್ತದೆ. ಇನ್ನೊಬ್ಬ ಕೊಕ್ಕರೆ.

ಕೊಕ್ಕರೆ ಅಂದರೆ ಹಿಂದಿನ ಬೆಂಚಿನಲ್ಲಿ ಮೊಣಕಾಲು ಎಲ್ಲಿಡಬೇಕೆಂದು ತಿಳಿಯದೆ ಕೂರುತ್ತಿದ್ದ, ತೆಳು ಮೀಸೆಯ ಉದ್ದ ಹುಡುಗ. ಮೊದಲ ವರ್ಷದ ತರಗತಿ ಶುರುವಾಗಿ ಒಂದಷ್ಟು ದಿನವಾದ ಮೇಲೆ ಬಂದು ಸೇರಿದವನು. ಓದು ಅಂದರೆ ಒಂದೊಂದು ಅಕ್ಷರಕ್ಕೂ ಮುಖ ಹಿಂಡುತ್ತಿದ್ದ. ಅಂಥವನು ಈ ಜೋಕಿಗೆ ನಕ್ಕದ್ದು ಹೇಗೆ?

ಮುಂದಿನ ಬೆಂಚಿನವಳು ಕತ್ತು ತಿರುಗಿಸಿ ನೋಡಿದಳು. ಅವನು ನಗುವನ್ನು ಅರ್ಧಕ್ಕೇ ನುಂಗಿ ಕೆಮ್ಮಿದ. ಅಷ್ಟರಲ್ಲಿ ಸಬ್‌ಟೈಟಲ್ ಬಂತು, ಎಲ್ಲರೂ ಗೊಳ್ಳೆಂದರು. ಎಲ್ಲರ ಜೊತೆ ಅವನು ಇನ್ನೊಮ್ಮೆ ನಕ್ಕ. ಆ ಎರಡನೆಯ ನಗು ಹದಿನಾರಾಣೆ ಸುಳ್ಳೆಂದು ಅವಳು ಅಲ್ಲಿಯೇ ತೀರ್ಮಾನಿಸಿದಳು.

ಅವಳಿಗೆ 'ಪತ್ತೇದಾರಿ' ಎಂದು ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಅಪ್ಪ ರೈಲಿನಲ್ಲಿ ಟಿಕೆಟ್ ನೋಡುವವರು. "ಟಿಕೆಟ್ ಇಲ್ಲದವನು ನಿದ್ದೆ ಮಾಡಲ್ಲ ಮಗಳೇ, ನಿದ್ದೆ ಬಂದ ಹಾಗೆ ನಟಿಸ್ತಾನೆ" ಎನ್ನುವುದು ಆ ಮನೆಯಲ್ಲಿ ಊಟದ ಹೊತ್ತಿನ ಪಾಠ. ಅಪ್ಪ ಮಗಳು ಸೇರಿದರೆ ಹಾಲಿನ ಪ್ಯಾಕೆಟ್ಟನ್ನೂ ವಿಚಾರಣೆ ಮಾಡುತ್ತಾರೆಂದು ಅಮ್ಮ ಗೊಣಗುತ್ತಿದ್ದಳು. ಇಂಥವಳು ಹೋಗಿ ಹೋಗಿ ರಷ್ಯನ್ ಸಾಹಿತ್ಯಕ್ಕೆ ಸೇರಿದ್ದಳು. ಅಲ್ಲಿ ಕಾದಂಬರಿಯ ಒಬ್ಬನೇ ಮನುಷ್ಯನಿಗೆ ನಾಲ್ಕು ಹೆಸರು. ಮೊದಲ ತಿಂಗಳೆಲ್ಲ ಅವಳಿಗೆ ಪ್ರತಿ ಪಾತ್ರದ ಮೇಲೂ ಗುಮಾನಿ.

ಈಗಿನ ಗುಮಾನಿಗೆ ಕಾರಣವಿತ್ತು. ವರ್ಷದ ಕೊನೆಗೆ ತರಗತಿಯಲ್ಲಿ ಮೊದಲು ಬಂದ ಒಬ್ಬರಿಗೆ, ಒಬ್ಬರಿಗೆ ಮಾತ್ರ, ಆ ಭಾಷೆಯ ನಾಡಿನಲ್ಲೇ ಒಂದು ವರ್ಷ ಓದುವ ಸೀಟು. ಅದಕ್ಕಾಗಿ ಅವಳು ಕನ್ನಡಿಯ ಮುಂದೆ ನಿಂತು ನಾಲಿಗೆ ನೋಯುವಷ್ಟು ಉಚ್ಚಾರ ತಿದ್ದಿಕೊಂಡಿದ್ದಳು. ಆ ಸೀಟು ತಪ್ಪಿದರೆ ಅಲ್ಲಿಗೆ ಹೋಗಲು ಅವಳಿಗೆ ಇನ್ನೊಂದು ದಾರಿಯಿರಲಿಲ್ಲ. ಭಾಷೆ ಮೊದಲೇ ಬರುವವನೊಬ್ಬ ಬಾರದವನ ವೇಷ ಹಾಕಿ ಬಂದು ಕೈಗೆ ಬಂದ ತುತ್ತು ಕಸಿದುಕೊಂಡು ಹೋದರೆ?

ಪರೀಕ್ಷೆ ಮಾಡಿಯೇ ಬಿಡೋಣವೆಂದು ಅವಳು ಪಾಠದಲ್ಲಿ ಇನ್ನೂ ಬಾರದ ಒಂದು ಪದವನ್ನು ನಿಘಂಟಿನಲ್ಲಿ ಹುಡುಕಿದಳು. ಗ್ರಂಥಾಲಯದಲ್ಲಿ ಅವನ ಬೆನ್ನ ಹಿಂದೆ ನಿಂತು ತಣ್ಣಗೆ, ರಷ್ಯನ್‌ನಲ್ಲಿ ಹೇಳಿದಳು:

"ನಿನ್ನ ಕಾಲರ್ ಮೇಲೆ ಜೇಡ."

ಅವನು ಎಗರಿಬಿದ್ದ. ಕೈ ಕಾಲರಿಗೆ ಹೋಯಿತು, ಕುರ್ಚಿ ನೆಲಕ್ಕೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇದು ಅದೇ.

"ಏನಾಯ್ತು?" ಎಂದಳು ಏನೂ ಅರಿಯದವಳಂತೆ.

"ಏನಿಲ್ಲ... ಸೊಳ್ಳೆ."

"ಸೊಳ್ಳೆಗೆ ಇಷ್ಟು ಹೆದರ್ತೀಯಾ?"

"ದೊಡ್ಡ ಸೊಳ್ಳೆ" ಎಂದು ಅವನು ಕಿವಿ ಕೆಂಪಗೆ ಮಾಡಿಕೊಂಡು ಕುರ್ಚಿ ಎತ್ತಿದ.

ಅಂದಿನಿಂದ ಅವಳು ಅವನ ಪಕ್ಕದಲ್ಲೇ ಕೂರತೊಡಗಿದಳು. ಕಳ್ಳನನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳಬೇಕಲ್ಲ! ಕ್ಯಾಂಟೀನಿಗೂ ಜೊತೆ, ಬಸ್ ಸ್ಟಾಪಿಗೂ ಜೊತೆ. "ಪತ್ತೆ ಮಾಡೋಕೆ ಕಣ್ಣಿಗೆ ಕಾಡಿಗೆ ಯಾಕೆ ಬೇಕು?" ಎಂದು ಬೆಂಚಿನ ಗೆಳತಿ ಕೇಳಿದಾಗ, "ನಿಂಗ್ಯಾಕೆ ಅಧಿಕಪ್ರಸಂಗ" ಎಂದು ಬಾಯಿ ಮುಚ್ಚಿಸಿದಳು.

ಒಂದು ಮಧ್ಯಾಹ್ನ ಅವಳು ಗಟ್ಟಿಯಾಗಿ ಪದ್ಯ ಓದುತ್ತಿದ್ದಳು. ಒಂದು ಪದದ ಮೆತ್ತನೆಯ ಉಚ್ಚಾರ ಎಷ್ಟು ತಿರುಗಿಸಿದರೂ ನಾಲಿಗೆಗೆ ಹತ್ತುತ್ತಿರಲಿಲ್ಲ. ತಲೆಯೆತ್ತಿದರೆ ಅವನು ಅವಳ ತುಟಿಯನ್ನೇ ನೋಡುತ್ತಿದ್ದ. ಅವನ ತುಟಿಯೂ ಸದ್ದಿಲ್ಲದೆ ಅದೇ ಪದ ಆಡುತ್ತಿತ್ತು, ಸರಿಯಾಗಿ. ಇಬ್ಬರೂ ಒಟ್ಟಿಗೆ ದೃಷ್ಟಿ ತಪ್ಪಿಸಿದರು. ಸಾಕ್ಷಿ ಸಿಕ್ಕ ಖುಷಿಗೆ ಎದೆ ಹೀಗೆ ಹೊಡೆದುಕೊಳ್ಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವನು ಅವಳಿಗೆ ಇಷ್ಟವಾಗಿಬಿಟ್ಟಿದ್ದ. ಅದೇ ಅವಳ ಸಿಟ್ಟಿಗೆ ಇನ್ನಷ್ಟು ಎಣ್ಣೆ ಸುರಿಯಿತು. ಮರುಳು ಮಾಡಿ ತನ್ನ ಗಮನ ಕೆಡಿಸುವುದೂ ಇವನ ಉಪಾಯವೇ ಇರಬಹುದಲ್ಲ?

ಮಾತುಕತೆಯ ತರಗತಿಯಲ್ಲಿ ಎದ್ದು ನಿಂತೇಬಿಟ್ಟಳು.

"ಮೇಡಂ, ಇವನಿಗೆ ರಷ್ಯನ್ ಮೊದಲೇ ಬರುತ್ತೆ. ನಮ್ಮೆಲ್ಲರ ಕಣ್ಣಿಗೆ ಮಣ್ಣೆರಚ್ತಿದಾನೆ. ಬೇಕಾದ್ರೆ ಕೇಳಿ ನೋಡಿ."

ಮೇಡಂ ಕನ್ನಡಕ ಏರಿಸಿ ಕೊಕ್ಕರೆಯ ಕಡೆ ನೋಡಿದರು. ಈ ವಿಭಾಗಕ್ಕೆ ಯಾಕೆ ಬಂದೆ ಎಂದು ರಷ್ಯನ್‌ನಲ್ಲೇ ಮೃದುವಾಗಿ ಕೇಳಿದರು. ಅವನು ಎದ್ದ. ಅವಳತ್ತ ಒಮ್ಮೆ ನೋಡಿದ. ಆಮೇಲೆ ಬಾಯಿ ತೆರೆದ.

ಎಂಥ ಉಚ್ಚಾರ! ಅಲ್ಲೇ ಹುಟ್ಟಿದವರ ರಾಗ. ಆದರೆ ಆಡಿದ ಮಾತು ಮೊದಲ ವರ್ಷದವರಿಗೂ ತಿಳಿಯುವಷ್ಟು ಪುಟ್ಟದು: "ನಂಗೆ ಇಲ್ಲಿ ಇಷ್ಟ. ಇಲ್ಲಿ ಅಕ್ಷರ ಹೇಳ್ಕೊಡ್ತಾರೆ. ನಾನು ಗಲಾಟೆ ಮಾಡಲ್ಲ. ಜಾಣ ಮರಿ ನಾನು."

ಆರಡಿ ಎತ್ತರದ ಮೀಸೆಯವನ ಬಾಯಲ್ಲಿ ಹಾಲುಹಲ್ಲಿನ ಮಾತು. ಕೋಣೆ ಬಿದ್ದು ಬಿದ್ದು ನಕ್ಕಿತು. ಮೇಡಂ ನಗಲಿಲ್ಲ. ಅವಳೂ ನಗಲಿಲ್ಲ. ಅವನು ಪುಸ್ತಕ ಎತ್ತಿಕೊಂಡು ಹೊರಗೆ ಹೋದ, ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಸೀಟು ಈಗ ಅವಳದೇ, ಅಡ್ಡಿಯಿಲ್ಲ, ಪೈಪೋಟಿಯಿಲ್ಲ. ಆದರೂ ಪಕ್ಕದ ಖಾಲಿ ಜಾಗದ ಕಡೆಗೇ ಕಣ್ಣು ಹೋಗುತ್ತಿತ್ತು. ವಾರ ತುಂಬುವ ಮೊದಲೇ ಅವನು ಸಂಜೆ ಕೆಲಸ ಮಾಡುವ ಕನ್ನಡಕದ ಅಂಗಡಿ ಹುಡುಕಿಕೊಂಡು ಹೋದಳು.

ಅಂಗಡಿಯ ಯಜಮಾನರು ಮುಂದೆಯೇ ಇದ್ದರು. "ಕಣ್ಣು ತೋರಿಸ್ಬೇಕಿತ್ತು" ಎಂದು ಸುಳ್ಳು ಹೇಳಿ ಒಳಗಿನ ಎತ್ತರದ ಕುರ್ಚಿಯಲ್ಲಿ ಕೂತಳು. ಅವನು ಅವಳ ಮೂಗಿನ ಮೇಲೆ ಕಬ್ಬಿಣದ ಫ್ರೇಮ್ ಏರಿಸಿ ಒಂದು ಗಾಜು ಹಾಕಿದ.

"ಕಾಣ್ತಾ?"

"ಮಂಜು ಮಂಜು. ನನ್ನನ್ನ ಕ್ಷಮಿಸ್ತೀಯಾ?"

"ಮೂರನೇ ಸಾಲು ಓದಿ."

"ನಾನು ಮಾಡಿದ್ದು ತಪ್ಪು. ಅದನ್ನೇ ಹೇಳೋಕೆ ಬಂದೆ."

"ಇನ್ನೇನು ಪತ್ತೆ ಮಾಡೋದಿದೆ? ಮನೆ ಶೋಧ ಬಾಕಿ ಇದೆಯಾ?" ಎಂದು ಇನ್ನೊಂದು ಗಾಜು ಹಾಕಿದ. ಈ ಬಾರಿ ಅವನ ಮುಖ ಸ್ಪಷ್ಟವಾಗಿ ಕಂಡಿತು, ಕಣ್ಣಿನ ಕೆಳಗಿನ ಕಪ್ಪು ಸಮೇತ. ಅವಳಿಗೆ ಅಳು ಬಂತು. ಫ್ರೇಮಿನೊಳಗೆ ಒರೆಸಿಕೊಳ್ಳಲೂ ಆಗದೆ ಗಾಜಿಗೆಲ್ಲ ನೀರಾಯಿತು.

ಅದನ್ನು ನೋಡಿ ಅವನು ಮೆತ್ತಗಾದ. ಗಾಜು ತೆಗೆದು ಬಟ್ಟೆಯಿಂದ ಒರೆಸುತ್ತಲೇ ಹೇಳಿದ. ಅವನ ಅಪ್ಪ ಆ ರಷ್ಯನ್ ನಾಡಿನಲ್ಲೇ ಸೇತುವೆ ಕಟ್ಟುವ ಕೆಲಸದಲ್ಲಿದ್ದರು. ಅಮ್ಮನಿಗೂ ಕೆಲಸ. ಇವನನ್ನು ಹಗಲೆಲ್ಲ ಎದುರುಮನೆಯ ಅಜ್ಜಿ ಸಾಕಿದಳು. ಆರು ವರ್ಷವಾಗಿದ್ದಾಗ ಒಂದು ದಿನ ಅಜ್ಜಿ ಬ್ರೆಡ್ ತರಲು ಹೋಗಿದ್ದಾಗಲೇ ಕಾರು ಬಂತು, ಎಲ್ಲರೂ ಹೊರಟುಬಿಟ್ಟರು. ಹೇಳಿ ಹೋಗಲು ಆಗಲಿಲ್ಲ.

"ಅಕ್ಷರ ಕಲಿಯೋ ಮೊದಲೇ ಬಂದ್ಬಿಟ್ವಿ. ಬಾಯಿ ಬಿಟ್ರೆ ಇವತ್ತಿಗೂ ಅದೇ ಆರು ವರ್ಷದ ಹುಡುಗ ಮಾತಾಡ್ತಾನೆ. ಅದಕ್ಕೆ ಮುಚ್ಕೊಂಡಿದ್ದೆ. ದೊಡ್ಡವರ ಹಾಗೆ ಕಲಿತು, ಸೀಟು ಸಿಕ್ರೆ ಹೋಗಿ, ಅಜ್ಜಿ ಮುಂದೆ ಗಂಡಸಾಗಿ ನಿಂತು ಕ್ಷಮೆ ಕೇಳ್ಬೇಕು ಅಂತಿತ್ತು. ಅವಳು ಇದಾಳೋ ಇಲ್ವೋ."

"ನಾಳೆಯಿಂದ ತರಗತಿಗೆ ಬಾ. ಓದೋದು ಬರೆಯೋದು ನಾನು ಕಲಿಸ್ತೀನಿ. ನನ್ನ ನಾಲಿಗೆ ನೀನು ತಿದ್ದು."

ಅವನು ಕಣ್ಣು ಸಣ್ಣದು ಮಾಡಿದ. "ಬೇಕಂತಲೇ ತಪ್ಪು ತಪ್ಪು ಕಲಿಸಿದ್ರೆ?"

ಅನುಮಾನ ಅಂಟುರೋಗ ಎನ್ನುವುದು ಸುಳ್ಳಲ್ಲ. ಅವನು ತರಗತಿಗೆ ಬಂದ, ಪಾಠವನ್ನೂ ಹೇಳಿಸಿಕೊಂಡ, ಆದರೆ ಅವಳು ಹೇಳಿಕೊಟ್ಟ ಒಂದೊಂದು ಪದವನ್ನೂ ನಿಘಂಟಿನಲ್ಲಿ ತಾಳೆ ನೋಡಿದ. ಅವಳು ಉರಿದುಕೊಂಡಳು, ನಕ್ಕಳು, ಮತ್ತೆ ಕಲಿಸಿದಳು. ಬರಬರುತ್ತಾ ನಿಘಂಟು ಚೀಲದಲ್ಲೇ ಉಳಿಯತೊಡಗಿತು.

ಫಲಿತಾಂಶ ಬಂದಾಗ ಅವಳು ಮೊದಲು, ಅವನು ಎರಡನೆಯವನು.

"ನನಗೋಸ್ಕರ ಬಿಟ್ಟುಕೊಟ್ಯಾ? ನಿಜ ಹೇಳು" ಎಂದು ಮೆಟ್ಟಿಲ ಮೇಲೆ ಅಡ್ಡಗಟ್ಟಿದಳು.

"ಅಯ್ಯೋ ತಾಯಿ, ಪ್ರಬಂಧ ನಿಜವಾಗ್ಲೂ ಬರ್ಲಿಲ್ಲ! ಬಂದಿದ್ರೆ ಬಿಡ್ತಿದ್ನಾ?"

ಅವನ ಸಂಕಟ ನೋಡಿದರೆ ಅದು ನಟನೆಯಲ್ಲ. ಹೊರಡುವ ದಿನ ಅವನು ಅಜ್ಜಿಯ ಬೀದಿ, ಕಟ್ಟಡ, ಮಹಡಿ ಎಲ್ಲ ಹೇಳಿದ. ಚೀಲ ಎತ್ತಿಕೊಟ್ಟ. ಹೇಳಬೇಕಾದದ್ದು ಇನ್ನೇನೋ ಇದ್ದಂತೆ ನಿಂತ, ಆಮೇಲೆ ಚೀಲದ ಪಟ್ಟಿ ಸರಿಮಾಡಿದ. ವಿಮಾನದಲ್ಲಿ ಹಳೆಯ ಹುಳ ಮತ್ತೆ ತಲೆ ಎತ್ತಿತು. ಇಷ್ಟು ದಿನ ಇವನು ಹಿಂದೆ ಮುಂದೆ ಸುತ್ತಿದ್ದು ನನಗಾಗಿಯೋ, ಅಜ್ಜಿಗೆ ಸುದ್ದಿ ಮುಟ್ಟಿಸಲು ಒಬ್ಬರು ಬೇಕಿತ್ತೆಂದೋ?

ತಲುಪಿದ ಮೊದಲ ಭಾನುವಾರ ಅವಳು ಆ ಬಾಗಿಲು ತಟ್ಟಿದಳು. ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು. ಅಡ್ಡಲಾಗಿ ಸರಪಳಿ, ಅದರ ಹಿಂದೆ ಒಂದು ನೀಲಿ ಕಣ್ಣು.

"ಏನು ಮಾರೋಕೆ ಬಂದೆ?"

ಅವಳು ತಾನು ಯಾರು, ಯಾಕೆ ಬಂದೆ ಎಂದು ಅಚ್ಚುಕಟ್ಟಾದ ರಷ್ಯನ್‌ನಲ್ಲಿ ವಿವರಿಸಿದಳು. ಮುದುಕಿಯ ಕಣ್ಣು ಇನ್ನೂ ಕಿರಿದಾಯಿತು.

"ಇಷ್ಟು ನಯವಾಗಿ ಮಾತಾಡೋರು ಮೋಸಗಾರರೇ."

ಅಬ್ಬಾ, ನಮ್ಮಪ್ಪನ ಅಕ್ಕನಂತಿದ್ದಾಳೆ ಎಂದುಕೊಂಡು ಅವಳು ಅವನಿಗೆ ವೀಡಿಯೊ ಕಾಲ್ ಹಚ್ಚಿ ಫೋನನ್ನು ಬಾಗಿಲ ಸಂದಿಗೆ ಹಿಡಿದಳು. ಅವನು ವರ್ಷವಿಡೀ ಅಭ್ಯಾಸ ಮಾಡಿದ್ದ ಗಂಭೀರ ವಾಕ್ಯ ಶುರುಮಾಡಿದ. "ಮಾನ್ಯರೇ, ಬಹಳ ಕಾಲದ ಹಿಂದೆ..."

"ಈ ಮೀಸೆಯವನಾ? ನನ್ನ ಹುಡುಗ ಇಷ್ಟೇ ಇದ್ದ" ಎಂದು ಮುದುಕಿ ತನ್ನ ಸೊಂಟದ ಹತ್ತಿರ ಕೈ ತೋರಿಸಿದಳು. ಬಾಗಿಲು ಮುಚ್ಚಿಕೊಳ್ಳತೊಡಗಿತು.

ಅವನ ವಾಕ್ಯ ನಿಂತುಹೋಯಿತು. ಆಮೇಲೆ ಯಾವ ಧ್ವನಿಗೆ ಇಡೀ ತರಗತಿ ನಕ್ಕಿತ್ತೋ ಆ ಧ್ವನಿ ಬಂತು. "ಅಜ್ಜೀ, ನಾನು. ಕಾರು ಬಂದ್ಬಿಡ್ತು. ನಾನು ಕಾಯ್ತೀನಿ ಅಂದೆ, ಅವರು ಬಿಡ್ಲಿಲ್ಲ."

ಬಾಗಿಲು ಅಲ್ಲೇ ನಿಂತಿತು.

"ಈ ಚಳೀಲಿ ತಲೆಗೆ ಟೋಪಿ ಎಲ್ಲೋ?" ಎಂದಳು ಮುದುಕಿ, ಗದರುವ ಧ್ವನಿಯಲ್ಲಿ. ಗದರುತ್ತಲೇ ಅಳುತ್ತಿದ್ದಳು. ಆದರೂ ಸರಪಳಿ ತೆಗೆಯಲಿಲ್ಲ. ನೀಲಿ ಕಣ್ಣು ಹುಡುಗಿಯತ್ತ ಹೊರಳಿತು.

"ಇವನು ಸರಿ. ನೀನು ಇವನಿಗೆ ಏನಾಗಬೇಕು?"

"ಇನ್ನೂ ಏನೂ ಆಗಿಲ್ಲ. ಅವನು ಕೇಳಿಲ್ಲ."

"ಯಾಕೋ ಕೇಳಿಲ್ಲ?" ಎಂದು ಅಜ್ಜಿ ಫೋನನ್ನೇ ಗದರಿದಳು.

ಅವನು ಅವಳ ಕಡೆ ನೋಡಲಾರದೆ ಅಜ್ಜಿಗೇ ಉತ್ತರ ಕೊಟ್ಟ. ಪ್ರೀತಿಯ ಬಗ್ಗೆ ದೊಡ್ಡವರ ಮಾತು ಅವನಿಗೆ ಇನ್ನೂ ಬರುತ್ತಿರಲಿಲ್ಲ. "ನಂಗೆ ಅವಳಂದ್ರೆ ಇಷ್ಟ ಅಜ್ಜಿ. ತುಂಬಾ ತುಂಬಾ ಇಷ್ಟ. ರಾತ್ರಿ ಅವಳಿಲ್ಲ ಅಂತ ಅಳು ಬರುತ್ತೆ. ಆದ್ರೆ ಹೇಳಿದ್ರೆ ಅವಳು ನಂಬಲ್ಲ."

ಸುಳ್ಳು ಹೇಳುವಷ್ಟು ಪದಗಳು ಆ ಭಾಷೆಯಲ್ಲಿ ಅವನ ಹತ್ತಿರ ಇರಲಿಲ್ಲ. ಅವಳು ಫೋನನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಕಲಿತ ರಷ್ಯನ್ ಎಲ್ಲ ಮರೆತುಹೋಗಿ ಬಾಯಿಗೆ ಮನೆಮಾತೇ ಬಂತು.

"ನಂಬ್ತೀನಿ ಕಣೋ."

ಮುದುಕಿಗೆ ಆ ಮಾತು ಅರ್ಥವಾಗಲಿಲ್ಲ. ಆದರೂ ಸರಪಳಿ ತೆಗೆದಳು.