ಕಡಲಬಾಗಿಲಿನ ಮಾಚಲೆ ಮತ್ತು ಎಚ್ಚರದ ಹೂವು

ಕಡಲು ಇನ್ನೂ ಮನುಷ್ಯರ ಜೊತೆ ಮಾತಾಡುತ್ತಿದ್ದ ಕಾಲ. ಆ ಕಾಲದಲ್ಲಿ ಕಣಜನಾಡು ಎಂಬ ರಾಜ್ಯವಿತ್ತು. ಅಲ್ಲಿ ಬಿತ್ತಿದ್ದೆಲ್ಲ ಬೆಳೆಯುತ್ತಿತ್ತು, ಬೆಳೆದದ್ದೆಲ್ಲ ಉಣ್ಣುವವರ ಬಾಯಿಗೆ ಸೇರುತ್ತಿತ್ತು. ನಾಡಿನ ಒಳಗೆ ಹೋಗಲು ಇದ್ದದ್ದು ಒಂದೇ ದಾರಿ, ಕಡಲಬಾಗಿಲು. ಕತ್ತಿ ತಂದವರನ್ನು ಅಲ್ಲಿ ಅಷ್ಟಾಗಿ ಯಾರೂ ತಡೆಯುತ್ತಿರಲಿಲ್ಲ. ಗಿಡ, ಬೀಜ, ಗೆಡ್ಡೆ ತಂದವರನ್ನು ಮಾತ್ರ, ಬೆಳೆ ತಿನ್ನುವ ಹುಳು ಒಳಗೆ ಬಾರದಂತೆ ಬಾಗಿಲು ಕಾಯುವ ಮಾಚಲೆ ನಿಲ್ಲಿಸದೆ ಬಿಡುತ್ತಿರಲಿಲ್ಲ.

ಮಾಚಲೆಯ ಆಯುಧ ಒಂದು ಉದ್ದನೆಯ ಸೂಜಿ, ಪಕ್ಕದಲ್ಲಿ ಸದಾ ಕುದಿಯುವ ಬೇವಿನೆಣ್ಣೆಯ ಕೊಪ್ಪರಿಗೆ. ಅವಳ ಮಾತೂ ಒಂದೇ: "ಯಾರದಾದ್ರೇನು, ಬಿಚ್ಚಿ ತೋರ್ಸಿ." ಮಹಾರಾಜರ ಮಾವನ ಮನೆಯ ಮಾವಿನ ಸಸಿಗೂ ಅದೇ ಮಾತು. ಮಾವನವರು ಮುನಿಸಿಕೊಂಡು ಮೂರು ಹಬ್ಬಕ್ಕೆ ಬರಲಿಲ್ಲವಂತೆ. ಮಾಚಲೆಗೇನು, ಅವಳು ಅವರಿಗೆ ಹೋಳಿಗೆ ಮಾಡಿಟ್ಟಿರಲಿಲ್ಲ!

ಆದರೆ ಆ ನಾಡಿನಲ್ಲಿ ಒಂದು ಪದ್ಧತಿಯಿತ್ತು. ಹಿರಿಯ ಮುತ್ತೈದೆ ಕೊಟ್ಟ ಹೂವನ್ನು ಒಲ್ಲೆ ಎನ್ನುವಂತಿಲ್ಲ. ಹೆಣ್ಣು ಮುಡಿದ ಹೂವನ್ನು ಬಾಗಿಲಿನಲ್ಲಿ ತಡೆಯುವಂತಿಲ್ಲ. ಮುಡಿದ ಹೂವು ಗಿಡವಲ್ಲ, ಸೌಭಾಗ್ಯ ಎಂದು ಅವರ ನಂಬಿಕೆ.

ಕಡಲಿನಾಚೆ ಗೊರಲ ಎಂಬ ಮಾಟಗಾರನಿದ್ದ. ಅವನ ಜೀವ ಅವನ ಮೈಯಲ್ಲಿರಲಿಲ್ಲ, ಒಂದು ತಾಯಿಹುಳುವಿನ ಮೊಟ್ಟೆಯಲ್ಲಿತ್ತು. ಅವನ ಹುಳುಗಳು ಯಾವ ನಾಡಿನ ಬೆಳೆ ತಿಂದರೆ ಆ ನಾಡಿನ ಜನರ ಆಯುಸ್ಸು ಅವನಿಗೆ ಸೇರುತ್ತಿತ್ತು. ಹೀಗೆ ಅನೇಕ ನಾಡುಗಳನ್ನು ಬೋಳು ಮಾಡಿದ ಮೇಲೆ ಅವನ ಕಣ್ಣು ಕಣಜನಾಡಿನ ಮೇಲೆ ಬಿತ್ತು.

ಮೊದಲು ಅವನು ಚಿನ್ನದೆಲೆಯ ಸಸಿಗಳ ಹಡಗನ್ನು ಕಳಿಸಿದ. ಹಡಗಿನ ಯಜಮಾನ ಮೀಸೆ ತಿರುವಿ, "ಮಹಾರಾಜರಿಗೆ ಕಾಣಿಕೆ. ನಮ್ಮದನ್ನ ನೋಡೋದೇನಿದೆ?" ಎಂದ.

"ಯಾರದಾದ್ರೇನು, ಬಿಚ್ಚಿ ತೋರ್ಸಿ," ಎಂದಳು ಮಾಚಲೆ. ಎಲೆಯ ಮುಂಭಾಗ ಥಳಥಳ ಹೊಳೆಯುತ್ತಿತ್ತು. ಎಲೆಯನ್ನು ತಿರುವಿದಳು. ಬೆನ್ನಿಗೆ ಹಿಟ್ಟು ಮೆತ್ತಿದಂತೆ ಬೆಳ್ಳಗೆ ಏನೋ ಇತ್ತು. ಸೂಜಿ ತಾಗಿಸಿದ ಕೂಡಲೇ ಆ ಹಿಟ್ಟು ಕಿಲಕಿಲ ನಕ್ಕಿತು. ಮಾಚಲೆ ನಗಲಿಲ್ಲ. ಸಸಿಗಳನ್ನೆಲ್ಲ ಕೊಪ್ಪರಿಗೆಗೆ ಹಾಕಿದಳು.

ಎರಡನೆಯ ಸಲ ಬಾಳೆಗಂದುಗಳು ಬಂದವು. ಎಲೆಯ ಬೆನ್ನು ತೊಳೆದಿಟ್ಟ ತಟ್ಟೆಯ ಹಾಗಿತ್ತು. "ನೋಡಿದ್ರಲ್ಲಮ್ಮ, ಇನ್ನು ನೋಡೋದೇನಿದೆ?" ಎಂದ ಆ ಹಡಗಿನ ಯಜಮಾನ. ಮಾಚಲೆ ಬೇರಿನ ಮಣ್ಣುಂಡೆಯನ್ನು ಒಡೆದಳು. ಒಳಗೆ ಮನುಷ್ಯನ ಮುಖದ ಹುಳು ಸುರುಳಿ ಸುತ್ತಿ ಮಲಗಿತ್ತು.

"ನಾನು ಭೂತಾಯಿ ಮಗ. ಮುಟ್ಟಿದ್ರೆ ಪಾಪ ಬರ್ತದೆ," ಎಂದಿತು ಹುಳು.

"ಭೂತಾಯಿ ಮಗನಾದ್ರೆ ಹಡಗು ಹತ್ತಿ ಯಾಕೆ ಬಂದೆ?" ಎಂದು ಮಾಚಲೆ ಅದನ್ನೂ ಕೊಪ್ಪರಿಗೆಗೆ ನೂಕಿದಳು.

ಆಗ ಕಡಲಿನ ಮೇಲಿಂದ ಗೊರಲನ ದನಿ ಗುಡುಗಿತು. "ನನ್ನ ಮಕ್ಕಳನ್ನ ಸುಟ್ಟೆ. ನಿನ್ನ ಮಗಳು ಕಣ್ಣು ಬಿಡದೇ ಇರಲಿ!"

ಮಾಚಲೆ ಮನೆಗೆ ಓಡಿದಳು. ಮಗಳು ಕೇಸರಿ ಅಂಗಳದಲ್ಲಿ ಬಿದ್ದಿದ್ದಳು. ಉಸಿರಿತ್ತು, ಎಚ್ಚರವಿರಲಿಲ್ಲ. ವೈದ್ಯರು ಬಂದರು, ಮಂತ್ರದವರು ಬಂದರು, ತಲೆಯಾಡಿಸಿ ಹೋದರು. ದಿನದಿನಕ್ಕೆ ಮಗುವಿನ ಉಸಿರು ಸಣ್ಣಗಾಯಿತು. ಮಾಚಲೆ ಬಾಗಿಲಿಗೆ ಬಂದು ಕೆಲಸ ಮಾಡುತ್ತಿದ್ದಳು, ಆದರೆ ಕರುಳು ಮನೆಯಲ್ಲಿರುತ್ತಿತ್ತು.

ಒಂದು ಮಧ್ಯಾಹ್ನ ಹಣೆತುಂಬ ಕುಂಕುಮವಿಟ್ಟ ಮುದುಕಿಯೊಬ್ಬಳು ದೋಣಿಯಿಂದ ಇಳಿದಳು. ಕೈಯಲ್ಲಿ ಗಂಟಿಲ್ಲ, ಬುಟ್ಟಿಯಿಲ್ಲ. ಇದ್ದದ್ದು ಒಂದೇ ಬಿಳಿ ಹೂವು.

"ಮಗಳೇ, ಇದು ಎಚ್ಚರದ ಹೂವು. ನಾನು ಒಳಗೆ ಬರೋಳಲ್ಲ. ನೀನೇ ಮುಡ್ಕೊಂಡು ಹೋಗಿ ಕೂಸಿನ ದಿಂಬಿನ ಹತ್ರ ಇಡು. ಹೊತ್ತು ಮುಳುಗೋದ್ರೊಳಗೆ ಎದ್ದು ಕೂರ್ತಾಳೆ. ಇವತ್ತು ತಪ್ಪಿದ್ರೆ ನಾಳೆ ಉಸಿರಿರಲ್ಲ."

ಮಾಚಲೆಯ ಕೈ ಸೂಜಿಯ ಕಡೆ ಹೋಯಿತು. "ಒಂದ್ಸಲ ಬಿಚ್ಚಿ ನೋಡ್ತೀನಿ, ಅಜ್ಜಿ."

"ಎಸಳು ಬಿಚ್ಚಿದ್ರೆ ಗುಣ ಹೋಗ್ತದೆ, ತಾಯಿ. ಮುತ್ತೈದೆ ಕೊಟ್ಟ ಹೂವಿಗೂ ಸೂಜಿಯೇ?"

ಮಾಚಲೆ ಸೂಜಿ ಕೆಳಗಿಟ್ಟಳು. ಹೆತ್ತವಳು, ಏನು ಮಾಡಿಯಾಳು? ಎಸಳಿನ ಬೆನ್ನು ನೋಡಿದಳು, ಚೊಕ್ಕಟವಾಗಿತ್ತು. ಹೂವಿಗೆ ಬೇರಿಲ್ಲ, ಮಣ್ಣಿಲ್ಲ. ಮುಡಿದುಕೊಂಡು ಬಾಗಿಲಿನತ್ತ ಬಿರಬಿರನೆ ನಡೆದಳು. ಬಾಗಿಲಿನಾಚೆ ಅವಳ ಮನೆಯ ಹಂಚು ಕಾಣುತ್ತಿತ್ತು.

ಬಾಗಿಲು ತೆರೆಯುವ ಬೊಮ್ಮರಸ ಅಗುಳಿ ಸರಿಸಿದ. ಅಲ್ಲಿ ನಿಂತು ಸೆರಗು ಕೊಡವುವುದು ಎಲ್ಲರಿಗೂ ಕಟ್ಟಳೆ. ಮಾಚಲೆ ಅಭ್ಯಾಸಬಲದಿಂದ ನಿಂತಳು. ಬೊಮ್ಮರಸನಿಗೆ ಕಣ್ಣು ತುಂಬಿತು.

"ಹೋಗಿ ಅಮ್ಮ, ಕೂಸು ಕಾಯ್ತಿದೆ. ನಿಮ್ಮದನ್ನ ನೋಡೋದೇನಿದೆ?"

ಮಾಚಲೆಯ ಕಾಲು ಹೊಸ್ತಿಲಿನ ಮೇಲೆಯೇ ನಿಂತಿತು. ಆ ಮಾತು ಅವಳಿಗೆ ಗೊತ್ತು. ಚಿನ್ನದೆಲೆಯ ಯಜಮಾನ ಆಡಿದ್ದ ಮಾತು, ಬಾಳೆಗಂದಿನ ಯಜಮಾನ ಆಡಿದ್ದ ಮಾತು. ಎದುರಿಗೆ ಮನೆಯಿತ್ತು, ಮನೆಯಲ್ಲಿ ಮಗಳಿದ್ದಳು, ಸೂರ್ಯ ಇಳಿಯುತ್ತಿದ್ದ. ಹೂವು ನಿಜದ್ದಾಗಿದ್ದು ತಾನು ಬಿಚ್ಚಿದರೆ, ಮಗಳನ್ನು ತನ್ನ ಕೈಯಾರೆ ಕೊಂದಂತೆ. ಹೂವು ಸುಳ್ಳಾಗಿದ್ದು ತಾನು ದಾಟಿದರೆ, ನಾಡಿನ ತಾಯಂದಿರೆಲ್ಲ ನಾಳೆ ತನ್ನ ಹಾಗೆಯೇ ಅಳಬೇಕು.

"ಬೊಮ್ಮರಸ, ಸೂಜಿ, ಕೊಪ್ಪರಿಗೆ ತಾ," ಎಂದಳು. "ನನ್ನದನ್ನೂ ನೋಡ್ಬೇಕು."

"ಮುಡಿದ ಹೂವು ಅಮ್ಮ! ಅಪಶಕುನ!"

"ಯಾರದಾದ್ರೇನು."

ಬೊಮ್ಮರಸ ಎರಡನ್ನೂ ತಂದಿಟ್ಟ. ಅವಳೇ ಹೂವನ್ನು ಕಿತ್ತಳು. ಅಳುತ್ತಲೇ ಎಸಳುಗಳನ್ನು ಸೂಜಿಯಿಂದ ಒಂದೊಂದಾಗಿ ಬಿಡಿಸಿದಳು. ಮೊದಲ ಸುತ್ತಿನಲ್ಲಿ ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. "ಅಯ್ಯೋ, ಏನು ಮಾಡ್ಬಿಟ್ಟೆ!" ಎಂದಳು. ಕೈ ಮಾತ್ರ ನಿಲ್ಲಲಿಲ್ಲ. ಕೊನೆಯ ಎಸಳಿನ ಬುಡದಲ್ಲಿ, ಗಸಗಸೆಕಾಳಿನಷ್ಟು ಚಿಕ್ಕ ಮೊಟ್ಟೆಯೊಂದು ಡವಡವ ಮಿಡಿಯುತ್ತಿತ್ತು.

ದೋಣಿಯ ಬಳಿ ಮುದುಕಿ ಕಿರುಚಿದಳು. ಕುಂಕುಮ ಕರಗಿ ಗೊರಲನ ಮುಖ ಹೊರಬಿತ್ತು. ಕಳಿಸಿದ ಹುಳುಗಳೆಲ್ಲ ಸುಟ್ಟ ಮೇಲೆ ಅವನಿಗೆ ಉಳಿದಿದ್ದದ್ದು ತನ್ನ ಜೀವವಿದ್ದ ಆ ತಾಯಿಹುಳುವಿನ ಮೊಟ್ಟೆಯೊಂದೇ. "ಬೇಡ! ನಿನ್ನ ಮಗಳನ್ನ ಎಬ್ಬಿಸ್ತೀನಿ, ಅದನ್ನ ನನಗೆ ಕೊಡು!" ಎಂದು ಓಡಿ ಬಂದ.

ಮಾಚಲೆ ಸೂಜಿಯನ್ನು ಕೊಪ್ಪರಿಗೆಯೊಳಗೆ ಕೊಡವಿದಳು. ಚುಂಯ್ ಎಂದಿತು, ಅಷ್ಟೇ. ಗೊರಲ ನಿಂತಲ್ಲೇ ಹುಳು ಹಿಡಿದ ಮರದಂತೆ ಪುಡಿಪುಡಿಯಾಗಿ ಉದುರಿದ. ಅವನು ಬೋಳು ಮಾಡಿದ್ದ ನಾಡುಗಳಲ್ಲೆಲ್ಲ ಅದೇ ಗಳಿಗೆಯಲ್ಲಿ ಹಸಿರು ಮೊಳೆಯಿತು.

ಅದನ್ನೆಲ್ಲ ಮಾಚಲೆ ನೋಡಲಿಲ್ಲ. ಅವಳು ಮನೆಗೆ ಓಡಿದ್ದಳು. ಕೇಸರಿ ಕಣ್ಣುಜ್ಜಿಕೊಳ್ಳುತ್ತಾ ಎದ್ದು ಕೂತು, ಅಮ್ಮನ ಕೆದರಿದ ತಲೆ ನೋಡಿ ಕೇಳಿದಳು: "ಅಮ್ಮ, ಹೂವೇ ಮುಡ್ಕೊಂಡಿಲ್ವಲ್ಲ?" ಮಾಚಲೆ ಮಗಳನ್ನು ಅಪ್ಪಿಕೊಂಡು ಅತ್ತಳು, ನಕ್ಕಳು, ಮತ್ತೆ ಅತ್ತಳು. ಕೇಸರಿ ಹಿತ್ತಲಿಗೆ ಹೋಗಿ ಬೊಗಸೆತುಂಬ ಮಲ್ಲಿಗೆ ಕೊಯ್ದು ತಂದಳು.

ಅಂದಿನಿಂದ ಪದ್ಧತಿ ಬದಲಾಯಿತು. ಮಹಾರಾಣಿಯೂ ಮುಡಿ ಬಿಚ್ಚಿ ತೋರಿಸಿದಳು, ಮಹಾರಾಜರ ಮಾವನೂ ಪೇಟ ಕೊಡವಿ ಹಬ್ಬಕ್ಕೆ ಬಂದ. ಕಣಜಗಳು ತುಂಬಿದವು, ಜನ ಸುಖವಾಗಿ ಉಂಡರು. ಮಾಚಲೆ ಮಾತ್ರ ದಿನವೂ ಎಲ್ಲರಿಗಿಂತ ಮೊದಲು ತನ್ನ ಸೆರಗನ್ನೇ ಬೊಮ್ಮರಸನ ಮುಂದೆ ಕೊಡವುತ್ತಿದ್ದಳು.

ನೀವೂ ಎಂದಾದರೂ ಆ ಬಾಗಿಲಿಗೆ ಹೋದರೆ ಮುಡಿದ ಹೂವನ್ನು ಕೊಟ್ಟುಬಿಡಿ, ಮುನಿಸು ಬೇಡ. ಒಳಗೆ ಕಾಲಿಟ್ಟ ಕೂಡಲೇ ಬುಟ್ಟಿ ಹಿಡಿದು ನಿಂತ ಕೇಸರಿ ಆ ನಾಡಿನದೇ ಮಲ್ಲಿಗೆ ಮುಡಿಸುತ್ತಾಳೆ.